ನೆಟೆ ರೋಗದ ವಿಜ್ಞಾನಿಗೆ ಕ್ಯಾನ್ಸರ್ ತಜ್ಞರ ಅಳತೆಗೋಲೇ?

ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿ ಸುತ್ತಿನ ಹೊಲಗಳಲ್ಲಿ ಕಾಯಿ ಕಟ್ಟುವ ಹೊತ್ತಿಗೆ ತೊಗರಿ ನಿಂತಲ್ಲೇ ಒಣಗಿದರೆ ರೈತರು ಒಂದೇ ಮಾತಿನಲ್ಲಿ ಹೇಳುತ್ತಾರೆ: ನೆಟೆ ಬಿತ್ತು. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಫ್ಯುಸೇರಿಯಂ ಶಿಲೀಂಧ್ರದಿಂದ ಬರುವ ರೋಗವಿದು. ಇದನ್ನು ತಡೆದುಕೊಳ್ಳುವ ಟಿಎಸ್-3ಆರ್ ತಳಿಯನ್ನು ಕೊಟ್ಟದ್ದು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ. ಒಂದು ತಳಿಗೆ ಸಂಕರಣ, ಆಯ್ಕೆ, ಊರೂರಿನ ಪ್ರಯೋಗ ಎಂದು ಹಲವು ವರ್ಷ ಹಿಡಿಯುತ್ತದೆ. ಬೀಜ ಬಿತ್ತಿದ ರೈತ ಯಾವ ಜರ್ನಲ್‌ನಲ್ಲೂ ವಿಜ್ಞಾನಿಯ ಹೆಸರು ಉಲ್ಲೇಖಿಸುವುದಿಲ್ಲ. ಆದರೆ ಇಂದು ವಿಶ್ವವಿದ್ಯಾಲಯಗಳ ರ್‍ಯಾಂಕಿಂಗ್ ಎಣಿಸುವುದು ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ದತ್ತಾಂಶ ಕೋಶಗಳಲ್ಲಿ ಸಿಕ್ಕ ಪ್ರಬಂಧಗಳನ್ನು, ಅವುಗಳಿಗೆ ಬಂದ ಉಲ್ಲೇಖಗಳನ್ನು.

ಎಣಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬೇರೆ ಬೇರೆ ಶಾಸ್ತ್ರಗಳನ್ನು ಒಂದೇ ಕೋಲಿನಿಂದ ಅಳೆಯುವುದು ಅನ್ಯಾಯ.

ಅಧ್ಯಾಪಕರ ನೇಮಕಾತಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಂದ 2018ರ ನಿಯಮಾವಳಿ ನೋಡಿ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಒಂದಕ್ಕಿಂತ ಕಡಿಮೆಯಿದ್ದರೆ ಪ್ರಬಂಧಕ್ಕೆ 10 ಅಂಕ, ಹತ್ತನ್ನು ಮೀರಿದರೆ 30. ಗಣಿತಕ್ಕೂ ವೈದ್ಯಕೀಯಕ್ಕೂ ಪಶುವೈದ್ಯಕ್ಕೂ ಇದೇ ಮೆಟ್ಟಿಲು. ಗಣಿತಜ್ಞರು ಶ್ರೇಷ್ಠವೆಂದು ಗೌರವಿಸುವ 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಈ ಲೆಕ್ಕದಲ್ಲಿ ಹತ್ತರ ಕೆಳಗೇ ಇದೆ. ಅಮೆರಿಕದ ಕ್ಯಾನ್ಸರ್ ಸೊಸೈಟಿಯ ಒಂದು ಜರ್ನಲ್ ಇನ್ನೂರನ್ನು ದಾಟಿದೆ. ಪ್ರತಿ ವರ್ಷ ಅದು ಪ್ರಕಟಿಸುವ ಕ್ಯಾನ್ಸರ್ ಅಂಕಿಅಂಶಗಳನ್ನು ಆ ಕ್ಷೇತ್ರದ ಸಾವಿರಾರು ಜನ ಉಲ್ಲೇಖಿಸುವುದು ಇದಕ್ಕೆ ದೊಡ್ಡ ಕಾರಣ. ಇಂಪ್ಯಾಕ್ಟ್ ಫ್ಯಾಕ್ಟರ್ ಹಿಂದಿನ ಎರಡು ವರ್ಷಗಳ ಪ್ರಬಂಧಗಳಿಗೆ ಬಂದ ಉಲ್ಲೇಖವನ್ನಷ್ಟೇ ನೋಡುತ್ತದೆ. ಗಣಿತದ ಪ್ರಮೇಯವೊಂದು ಅರಗಲು ಹತ್ತು ವರ್ಷ ಬೇಕಾಗಬಹುದು.

ಒಬ್ಬರ ಎಷ್ಟು ಪ್ರಬಂಧಗಳಿಗೆ ಕನಿಷ್ಠ ಅಷ್ಟೇ ಉಲ್ಲೇಖಗಳು ಬಂದಿವೆ ಎಂದು ಎಣಿಸುವ ಎಚ್-ಇಂಡೆಕ್ಸ್ ರೂಪಿಸಿದ ಭೌತವಿಜ್ಞಾನಿ ಹಿರ್ಷ್ 2005ರ ತಮ್ಮ ಪ್ರಬಂಧದಲ್ಲೇ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಂಕಿ ಬದಲಾಗುತ್ತದೆಂದು ಎಚ್ಚರಿಸಿದ್ದರು. ಅಂದು ಭೌತವಿಜ್ಞಾನದ ತುದಿಯಲ್ಲಿದ್ದ ಎಡ್ವರ್ಡ್ ವಿಟನ್ ಅವರದು 110, ಜೀವವಿಜ್ಞಾನದ ಸಾಲಿನಲ್ಲಿ ಸಾಲೊಮನ್ ಸ್ನೈಡರ್ ಅವರದು 191. ಹಾಗೆಂದು ಸ್ನೈಡರ್ ದೊಡ್ಡ ವಿಜ್ಞಾನಿ, ವಿಟನ್ ಸಣ್ಣವರು ಎಂದು ಯಾರಾದರೂ ಹೇಳಿಯಾರೇ? ನಮ್ಮ ಕಡತಗಳು ಮಾತ್ರ ಹಾಗೇ ಹೇಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಪಿ. ಬಲರಾಂ 'ಕರೆಂಟ್ ಸೈನ್ಸ್' ಸಂಪಾದಕೀಯಗಳಲ್ಲಿ ಈ ಅಂಕಿಯ ಮೋಹದ ವಿರುದ್ಧ ಮತ್ತೆ ಮತ್ತೆ ಬರೆದರು. ಅಧಿಕಾರದಲ್ಲಿದ್ದವರು ಕಿವಿಗೊಡಲಿಲ್ಲ. 2013ರಲ್ಲಿ ಸಿ.ಎನ್.ಆರ್. ರಾವ್ ಅವರಿಗೆ ಭಾರತ ರತ್ನ ಘೋಷಣೆಯಾದಾಗಲೂ ಸರ್ಕಾರದ ಪ್ರಕಟಣೆ 1,400 ಪ್ರಬಂಧಗಳ ಲೆಕ್ಕ ಕೊಟ್ಟಿತು. ಘನಸ್ಥಿತಿ ರಸಾಯನಶಾಸ್ತ್ರವನ್ನು ಈ ದೇಶದಲ್ಲಿ ಬೆಳೆಸಿದ, ಜಕ್ಕೂರಿನಲ್ಲಿ ಒಂದು ಸಂಶೋಧನಾ ಕೇಂದ್ರವನ್ನೇ ಕಟ್ಟಿದ ಹಿರಿಯರಿಗೆ ಆ ಲೆಕ್ಕದ ಆಸರೆ ಬೇಕಿರಲಿಲ್ಲ.

ಅಂಕಿ ತೆಗೆದರೆ ಶಿಫಾರಸು, ಜಾತಿ, ಲಂಚ ನುಗ್ಗುತ್ತವೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ನೇಮಕಾತಿಯಲ್ಲಿ ನೊಂದವರು ಈ ಭಾಗದಲ್ಲಿ ಬಹಳ ಜನ. ಆದರೆ ಅಂಕಿಯೂ ಮಾರಾಟಕ್ಕಿದೆ. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಮಾನ್ಯತೆಯ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕೈಬಿಡಬೇಕಾಯಿತು. ಪರಿಹಾರ ಕಷ್ಟದ್ದೂ ಅಲ್ಲ: ಒಂದು ಪ್ರಬಂಧದ ಉಲ್ಲೇಖಗಳನ್ನು ಅದೇ ವಿಷಯದ, ಅದೇ ವರ್ಷದ ಪ್ರಬಂಧಗಳ ಸರಾಸರಿಯೊಂದಿಗೆ ಹೋಲಿಸಿ. ತೊಗರಿಯನ್ನು ತೊಗರಿಯೊಂದಿಗೆ, ಗಣಿತವನ್ನು ಗಣಿತದೊಂದಿಗೆ. ಜೊತೆಗೆ ಅಭ್ಯರ್ಥಿಯೇ ಆರಿಸಿಕೊಟ್ಟ ಐದು ಪ್ರಬಂಧಗಳನ್ನು ಆಯ್ಕೆ ಸಮಿತಿ ಕೂತು ಓದಲಿ.

2025ರ ಜನವರಿಯಲ್ಲಿ ಯುಜಿಸಿ ನೇಮಕಾತಿ ನಿಯಮಗಳ ಹೊಸ ಕರಡು ತಂದಾಗ ಕುಲಪತಿಗಳನ್ನು ಯಾರು ಆರಿಸಬೇಕೆಂಬ ಜಗಳವೇ ಎಲ್ಲ ಕಡೆ ತುಂಬಿತ್ತು. ಫೆಬ್ರುವರಿಯಲ್ಲಿ ಕರ್ನಾಟಕವೇ ಬೇರೆ ರಾಜ್ಯಗಳ ಸಚಿವರನ್ನು ಬೆಂಗಳೂರಿಗೆ ಕರೆದು ಪ್ರತಿಭಟಿಸಿತು. ಅದು ಸರಿಯಾಗಿಯೇ ಇತ್ತು. ಆದರೆ ದೇವಣಿ ತಳಿಯ ದನದ ರೋಗದ ಮೇಲೆ ಕೆಲಸ ಮಾಡುವ ಯುವ ಪಶುವೈದ್ಯ ವಿಜ್ಞಾನಿಗೆ ಕುಲಪತಿ ಯಾರೆನ್ನುವುದಕ್ಕಿಂತ ತನ್ನ ಕೆಲಸವನ್ನು ಹೇಗೆ ತೂಗುತ್ತಾರೆ ಎನ್ನುವುದು ದೊಡ್ಡ ಪ್ರಶ್ನೆ. ಉಲ್ಲೇಖ ಸಿಗದ ವಿಷಯ ಬಿಟ್ಟು ಸಿಗುವ ವಿಷಯಕ್ಕೆ ಆತ ಹೊರಳಿದರೆ ನಷ್ಟ ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣದ ಕೊಟ್ಟಿಗೆಗಳಿಗೆ.

ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಬೀದರ್ ವಿಶ್ವವಿದ್ಯಾಲಯ, ರಾಯಚೂರು ಕೃಷಿ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳು ದಿಲ್ಲಿಯ ಆದೇಶಕ್ಕೆ ಕಾಯದೆ, ತಮ್ಮ ಅಧಿಕಾರದ ಮಿತಿಯಲ್ಲೇ ಮುಂದಿನ ಆಯ್ಕೆಯಿಂದ ವಿಷಯವಾರು ಹೋಲಿಕೆಯನ್ನು ಆರಂಭಿಸಬೇಕು. ಕನ್ನಡದಲ್ಲಿ ರೈತರಿಗಾಗಿ ಬರೆದ ಕೈಪಿಡಿಯನ್ನೂ ವಿಜ್ಞಾನಿಯ ಕೆಲಸವೆಂದೇ ಕಡತಕ್ಕೆ ಸೇರಿಸಬೇಕು.