ಭೋರಿಗೆ ಹೋಗುವುದೇ, ಕಡಲಿಗೆ ಹೋಗುವುದೇ?

ದಸರೆ ಹತ್ತಿರ ಬಂತೆಂದರೆ ನಮ್ಮ ಸಂಘದ ಹಿರಿಯರಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ. ಮಳೆ ಆಗ ತಾನೇ ಹಿಂದೆಗೆದಿರುತ್ತದೆ. ಸಹ್ಯಾದ್ರಿ ಹಸುರಾಗಿರುತ್ತದೆ. ರವಿವಾರ ಮಗನ ಕಾರಿನಲ್ಲಿ ಕಾತ್ರಜ ದಾಟಿ ಗಾಳಿ ಕುಡಿದು ಬಂದವರ ಮನಸ್ಸೂ ಹಸುರಾಗಿರುತ್ತದೆ. "ಸಾಕಪ್ಪ ಈ ಪುಣೆ. ಎಲ್ಲಾದರೂ ನಾಲ್ಕು ಗುಂಟೆ ಹಿಡಿದು ಹಳ್ಳಿಯಲ್ಲಿ ಇದ್ದುಬಿಡೋಣ" ಎನ್ನುತ್ತಾರೆ ಒಬ್ಬರು. "ಹಳ್ಳಿಯೇಕೆ? ಉಡುಪಿ, ಕುಂದಾಪುರದ ಕಡೆ ಹೋಗೋಣ. ಕಡಲಿದೆ, ದೇವಸ್ಥಾನವಿದೆ, ಕನ್ನಡವಿದೆ" ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಏನೂ ಹೇಳದೆ ಮೊಣಕಾಲು ನೀವಿಕೊಳ್ಳುತ್ತಾರೆ. ಈ ಸಲದ ನಮ್ಮ ಅಂಕಣ ಈ ಮೂವರಿಗೂ ಮೀಸಲು.

ಹಳ್ಳಿ ಎಂದರೆ ಪುಣೆಯ ಕನ್ನಡಿಗರ ಬಾಯಲ್ಲಿ ಈಚೆಗೆ ಹೆಚ್ಚಾಗಿ ಕೇಳಿಬರುವ ಹೆಸರು ಭೋರ್. ಸಾತಾರೆಯ ಹೆದ್ದಾರಿಯಲ್ಲಿ ಹೋಗಿ, ಕಾಪೂರ್‌ಹೋಳದಲ್ಲಿ ಬಲಕ್ಕೆ ತಿರುಗಿದರೆ ಸಿಕ್ಕುತ್ತದೆ. ಪುಣೆಯಿಂದ ಐವತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಪಂತ ಸಚಿವರು ಆಳಿದ ಸಂಸ್ಥಾನದ ರಾಜಧಾನಿ ಅದು. ರಾಜವಾಡೆ ಇದೆ, ನೀರಾ ನದಿ ಇದೆ, ಊರಿನ ಸಮೀಪದಲ್ಲೇ ಯೆಳವಂಡಿ ಹೊಳೆಗೆ ಕಟ್ಟಿ 1928ರಲ್ಲಿ ಮುಗಿಸಿದ ಭಾಟಘರದ ಅಣೆಕಟ್ಟು ಇದೆ. ಸುತ್ತಲಿನ ಗದ್ದೆಗಳಲ್ಲಿ ಆಂಬೆಮೋಹರ ಅಕ್ಕಿ ಬೆಳೆಯುತ್ತದೆ. ಅದರ ಅನ್ನಕ್ಕೆ ಮಾವಿನ ಹೂವಿನ ಕಂಪು.

ಭೋರ್ ನಮಗೆ ಅಷ್ಟೇನೂ ಪರಕೀಯವಲ್ಲ. ಅಂದಿನ ದಖ್ಖನ್ ಸಂಸ್ಥಾನಗಳ ಪಂಕ್ತಿಯಲ್ಲಿ ಭೋರ್ ಕೂತಿದ್ದಾಗ ಅದೇ ಪಂಕ್ತಿಯಲ್ಲಿ ನಮ್ಮ ಜಮಖಂಡಿ, ಮುಧೋಳ, ರಾಮದುರ್ಗಗಳೂ ಕೂತಿದ್ದವು. 1948ರಲ್ಲಿ ಇವೆಲ್ಲವೂ ಮುಂಬಯಿ ಪ್ರಾಂತದಲ್ಲಿ ಕರಗಿದವು. 1956ರಲ್ಲಿ ಜಮಖಂಡಿ ಮೊದಲಾದವು ನಮ್ಮ ಕಡೆಗೆ ಬಂದವು, ಭೋರ್ ಅಲ್ಲಿಯೇ ಉಳಿಯಿತು. ಇನ್ನೊಂದು ಸ್ವಾರಸ್ಯವಿದೆ. ಭೋರ್ ಸಂಸ್ಥಾನಕ್ಕೆ ಘಟ್ಟದ ಮೇಲಿನ ಸೀಮೆಯೊಂದೇ ಅಲ್ಲ, ಘಟ್ಟದ ಕೆಳಗೆ ಕೊಂಕಣದಲ್ಲಿ ಪಾಲಿಯ ಸುತ್ತಲಿನ ಸುಧಾಗಡವೂ ಸೇರಿತ್ತು. ಬೆಟ್ಟವೋ ಕೊಂಕಣವೋ ಎಂದು ನಾವು ಜಗ್ಗಾಡುತ್ತಿದ್ದರೆ, ಪಂತ ಸಚಿವರು ಎರಡನ್ನೂ ಇಟ್ಟುಕೊಂಡಿದ್ದರು! ನೀರಾ ನದಿಯಾದರೂ ಅನುಮಾನವಿಲ್ಲದೆ ಭೀಮೆಯನ್ನು ಸೇರಿ, ಭೀಮೆಯೊಡನೆ ಕನ್ನಡ ನಾಡನ್ನು ಹೊಕ್ಕು, ರಾಯಚೂರಿನ ಕಡೆ ಕೃಷ್ಣೆಯಲ್ಲಿ ಬೆರೆಯುತ್ತದೆ. ನದಿಗೆ ಇಳಿಜಾರು ದಾರಿ ತೋರಿಸುತ್ತದೆ. ಮನುಷ್ಯನಿಗೆ ಅಷ್ಟು ಸುಲಭವಿಲ್ಲ.

ಸುಲಭವಿಲ್ಲವೆಂಬುದು ನಮಗೆ ತಿಳಿದದ್ದು ಇಬ್ಬರು ಸ್ನೇಹಿತರಿಂದ. ಮೂಲತಃ ಧಾರವಾಡದ ಕಡೆಯ ದಂಪತಿಗಳು. ನಲವತ್ತು ವರ್ಷದಿಂದ ಪುಣೆಯಲ್ಲಿದ್ದಾರೆ. ಅವರನ್ನು ರಾಯರು, ವೈನಿ ಎಂದೇ ಕರೆಯೋಣ. ರಾಯರಿಗೆ ಎಪ್ಪತ್ತೊಂದು, ಎರಡು ವರ್ಷದ ಹಿಂದೆ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಮಗ ಪರದೇಶ, ಮಗಳು ಬೆಂಗಳೂರು. ಭೋರಿನಿಂದ ವರಂಧಾ ಘಾಟಿನ ಕಡೆ ಹೋಗುವ ದಾರಿಯಲ್ಲಿ, ಗುಡ್ಡದ ಮಗ್ಗುಲಲ್ಲಿ ಒಂದು ಜಾಗವನ್ನು ರಾಯರು ಮೆಚ್ಚಿದ್ದರು. ನಮ್ಮನ್ನೂ ಕರೆದೊಯ್ದರು. ಜಾಗವೇನೋ ಚಿತ್ರದಂತಿತ್ತು: ಮುಂದೆ ಜಲಾಶಯ, ಹಿಂದೆ ಬೆಟ್ಟ, ನಡುವೆ ಕೊಕ್ಕರೆ. ರಾಯರು ಕೈ ಚಾಚಿ ಇಲ್ಲಿ ಪಡಸಾಲೆ, ಇಲ್ಲಿ ಕರಿಬೇವು, ಇಲ್ಲಿ ಜೋಕಾಲಿ ಎಂದು ತೋರಿಸುತ್ತಿದ್ದರು. ವೈನಿ ಎಲ್ಲವನ್ನೂ ಕೇಳಿ ಮೆಲ್ಲಗೆ ಅಂದರು:

"ನಿಮಗ ಗುಡ್ಡಾ ಬೇಕಾಗೇದ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಒಂದು ಕೇಳ್ತೀನಿ. ನಮ್ಮಿಬ್ಬರೊಳಗ ಒಬ್ಬರು ಮೊದಲ ಹೋಗೂದು ಖರೆ ಅಲ್ಲ? ಉಳಿದವರು ಈ ಗುಡ್ಡದಾಗ ಯಾರ ಕೂಡ ಮಾತಾಡಬೇಕು?"

ರಾಯರು ಉತ್ತರ ಕೊಡಲಿಲ್ಲ. ನಾವೂ ಜಲಾಶಯವನ್ನೇ ನೋಡುತ್ತ ನಿಂತೆವು.

ಈ ಪ್ರಶ್ನೆಯನ್ನು ನಾವು ಗಂಡಸರು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಮನೆ ಕಟ್ಟುವಾಗ ಇಬ್ಬರಿಗೆಂದು ಕಟ್ಟುತ್ತೇವೆ. ಆದರೆ ನಮ್ಮ ಮನೆಗಳಲ್ಲಿ ಗಂಡ ಹೆಂಡತಿಗಿಂತ ನಾಲ್ಕಾರು ವರ್ಷ ದೊಡ್ಡವನು. ಹೆಂಗಸರ ಸರಾಸರಿ ಆಯುಸ್ಸೂ ಗಂಡಸರಿಗಿಂತ ಹೆಚ್ಚು. ಎರಡನ್ನೂ ಕೂಡಿಸಿದರೆ ಗಂಡ ಆರಿಸಿದ ಮನೆಯಲ್ಲಿ ಹೆಂಡತಿ ಒಬ್ಬಳೇ ಹಲವು ವರ್ಷ ಕಳೆಯುವ ಸಂಭವವೇ ಹೆಚ್ಚು. ಒಂದೊಮ್ಮೆ ಲೆಕ್ಕ ತಿರುವುಮುರುವಾಗಿ ಗಂಡನೇ ಉಳಿದರೆ, ಚಹಾ ಮಾಡಲೂ ಬಾರದ ಮಹಾಶಯನ ಪಾಡು ಗುಡ್ಡದ ಮೇಲೆ ಏನಾದೀತು ಎಂಬುದನ್ನು ವಾಚಕರ ಊಹೆಗೆ ಬಿಡುತ್ತೇವೆ. ಆದ್ದರಿಂದ ಇಳಿವಯಸ್ಸಿನ ಊರನ್ನು ಈಗ ಇರುವ ಇಬ್ಬರಿಗಾಗಿ ಅಲ್ಲ, ಮುಂದೆ ಉಳಿಯುವ ಒಬ್ಬರಿಗಾಗಿ ಆರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಈ ಒರೆಗಲ್ಲಿಗೆ ಒಂದೊಂದೇ ಊರನ್ನು ತಿಕ್ಕಿ ನೋಡೋಣ.

ಮೊದಲು ಭೋರ್. ಭಾಷೆಯ ತೊಡಕಿಲ್ಲ. ನಮ್ಮ ಹೆಂಗಸರು ನಲವತ್ತು ವರ್ಷ ಮಂಡಯಿಯಲ್ಲಿ ಚೌಕಾಸಿ ಮಾಡಿದವರು. ಅವರ ಮರಾಠಿ ಕಚೇರಿಯಲ್ಲಿ ಇಂಗ್ಲಿಷಿನಿಂದ ಕಾಲ ನೂಕಿದ ಯಜಮಾನರ ಮರಾಠಿಗಿಂತ ಎಷ್ಟೋ ಮೇಲು. ಪುಣೆಗೆ ಬಸ್ಸಿದೆ. ಆದರೆ ಭೋರ್ ಪೇಟೆ ಬೇರೆ, ಭೋರ್ ತಾಲ್ಲೂಕಿನ ಗುಡ್ಡ ಬೇರೆ. ಪೇಟೆಯಲ್ಲಿ ಸರ್ಕಾರಿ ಆಸ್ಪತ್ರೆ, ಬ್ಯಾಂಕು, ಔಷಧದ ಅಂಗಡಿ, ನೆರೆಮನೆ ಎಲ್ಲ ಇವೆ. ಪಶ್ಚಿಮಕ್ಕೆ ಹೋದಷ್ಟೂ ಮಳೆ ಹೆಚ್ಚು, ಮನೆಗಳು ವಿರಳ. ಮಳೆಗಾಲದಲ್ಲಿ ದರಡೆ ಕುಸಿಯುವ ಭಯದಿಂದ ವರಂಧಾ ಘಾಟಿನ ಸಂಚಾರವನ್ನು ಮತ್ತೆ ಮತ್ತೆ ನಿಲ್ಲಿಸುತ್ತಾರೆ. ಆ ಘಾಟಿನ ಆಚೆ ಮಹಾಡ ತಾಲ್ಲೂಕಿನ ತಳಿಯೆ ಎಂಬ ಊರಿನ ಮೇಲೆ 2021ರ ಜುಲೈಯಲ್ಲಿ ಗುಡ್ಡ ಕುಸಿದು ಎಂಬತ್ತಕ್ಕೂ ಹೆಚ್ಚು ಜನ ತೀರಿಕೊಂಡದ್ದನ್ನು ಮರೆಯಲಾಗದು. ಪುಣೆ ಜಿಲ್ಲೆಯ ಮಾಳಿಣ ಗ್ರಾಮ 2014ರಲ್ಲಿ ಹೀಗೆಯೇ ಹೂತುಹೋಯಿತು. ದಸರೆಯಲ್ಲಿ ನೋಡಿ ಮೆಚ್ಚಿದ ಇಳಿಜಾರನ್ನು ಆಷಾಢದಲ್ಲಿ ಒಮ್ಮೆ ನೋಡತಕ್ಕದ್ದು.

ಇನ್ನು ಕಡಲು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಉಡುಪಿ ನಮಗೆ ಹತ್ತಿರವಾಗಿದೆ ನಿಜ. ಆದರೂ ಪುಣೆಯಿಂದ ಆ ಹಾದಿಯ ಗಾಡಿ ದಿನವೂ ಇಲ್ಲ. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಉಡುಪಿಯ ಕಡೆ ಸುಮಾರು 4000. ಸಂಧಿವಾತದವರು ಈ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಲಿ. ಆರೈಕೆಯ ಮಟ್ಟಿಗೆ ಮಾತ್ರ ಕರಾವಳಿಯದು ಮೇಲುಗೈ. 1953ರಿಂದ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜಿದೆ, ಮಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಆದರೆ ಕನ್ನಡವಿದೆ ಎಂದು ಹೊರಟ ಧಾರವಾಡದವರಿಗೆ ಅಲ್ಲಿ ತುಳು, ಕೊಂಕಣಿ, ಕುಂದಾಪುರದ ಕನ್ನಡ ಎದುರಾಗುತ್ತವೆ. ಭೋರಿನ ಮರಾಠಿಗಿಂತ ಅದೇ ಹೊಸತೆನಿಸಿದರೆ ಆಶ್ಚರ್ಯವಿಲ್ಲ. ಅಲ್ಲಿಯೇ ಹುಟ್ಟಿದವರ ಮಾತು ಬೇರೆ. ಅವರೂ ಒಂದನ್ನು ವಿಚಾರಿಸಿಕೊಳ್ಳಬೇಕು: ನೆನಪಿನಲ್ಲಿರುವ ಆ ಓಣಿಯಲ್ಲಿ ಈಗ ಯಾರಿದ್ದಾರೆ? ನಮ್ಮಂತೆಯೇ ಎಲ್ಲರೂ ಮುಂಬಯಿ, ಬೆಂಗಳೂರು ಸೇರಿ, ಮನೆಗಳಿಗೆ ಬೀಗ ಬಿದ್ದಿದ್ದರೆ, ಹೋಗುವುದು ಊರಿಗಲ್ಲ, ಬರಿಯ ನೆನಪಿಗೆ.

ದೊಡ್ಡವರು ಏನು ಮಾಡಿದರು? ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು, ಸೊಲ್ಲಾಪುರದಲ್ಲಿ 1944ರಿಂದ 1956ರವರೆಗೆ ಪ್ರಾಧ್ಯಾಪಕರಾಗಿದ್ದವರು. ಅರವತ್ತರ ಹೊತ್ತಿಗೆ ಧಾರವಾಡದ ಸಾಧನಕೇರಿಗೆ ಮರಳಿದರು. ಅಲ್ಲಿ ಅವರಿಗೆ ಕೆರೆಯೊಂದೇ ಅಲ್ಲ, ಬಾಗಿಲು ತಟ್ಟಿ ಬರುವ ಗೆಳೆಯರಿದ್ದರು. ಶಿವರಾಮ ಕಾರಂತರು ಬಾಳಿನ ದೀರ್ಘಭಾಗವನ್ನು ಪುತ್ತೂರಿನಲ್ಲಿ ಕಳೆದು, ಇಳಿವಯಸ್ಸಿನಲ್ಲಿ ಹುಟ್ಟೂರು ಕೋಟದ ಪಕ್ಕದ ಸಾಲಿಗ್ರಾಮಕ್ಕೆ ಬಂದರು. 1997ರಲ್ಲಿ ಕಾಯಿಲೆ ಬಿದ್ದಾಗ ಮಣಿಪಾಲ ಹತ್ತಿರವಿತ್ತು. ಗದುಗಿನ ಕಡೆಯ ಭೀಮಸೇನ ಜೋಶಿಯವರೋ ಎಲ್ಲಿಗೂ ಮರಳಲಿಲ್ಲ. ಕುಂದಗೋಳದ ಗುರುಗಳ ನೆನಪಿಗೆ 1953ರಲ್ಲಿ ಆರಂಭವಾದ ಸವಾಯಿ ಗಂಧರ್ವ ಉತ್ಸವವನ್ನು ಪುಣೆಯಲ್ಲೇ ಬೆಳೆಸಿ, 2011ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದರು. ಮೂವರ ದಾರಿ ಮೂರು. ಆದರೆ ಮೂವರೂ ನೆಲೆ ನಿಂತದ್ದು ತಮ್ಮ ಕೆಲಸ ಮತ್ತು ತಮ್ಮ ಜನ ಇದ್ದ ಕಡೆ. ನೋಟಕ್ಕಾಗಿ ಯಾರೂ ಜಾಗ ಕೊಳ್ಳಲಿಲ್ಲ.

ಜಾಗ ಕೊಳ್ಳುವ ಮಾತು ಬಂದುದರಿಂದ ಕಾಯಿದೆಯನ್ನೂ ಹೇಳಿಬಿಡುವುದು ಒಳ್ಳೆಯದು. ಮಹಾರಾಷ್ಟ್ರದಲ್ಲಿ 1948ರ ಗೇಣಿ ಮತ್ತು ಕೃಷಿ ಜಮೀನು ಕಾಯಿದೆಯ 63ನೆಯ ಕಲಮಿನಂತೆ, ವ್ಯವಸಾಯಗಾರನಲ್ಲದವನು ಅಪ್ಪಣೆಯಿಲ್ಲದೆ ಸಾಗುವಳಿ ಜಮೀನು ಕೊಳ್ಳುವಂತಿಲ್ಲ. ನಮ್ಮ ಪಹಣಿಯಂತೆ ಇಲ್ಲಿ ಸಾತ್-ಬಾರಾ ಉತಾರ; ಅದರಲ್ಲಿ ಯಾರ ಹೆಸರಿದೆ, ಜಮೀನು ಎನ್.ಎ. ಆಗಿದೆಯೇ ಎಂದು ನೋಡದೆ ಬಯಾನಾ ಕೊಡಬಾರದು. ಒಂದು ಎಕರೆಯನ್ನು ಹತ್ತು ಜನಕ್ಕೆ ನಾಲ್ಕು ನಾಲ್ಕು ಗುಂಟೆಯಂತೆ ಹಂಚುವವರು ಇದ್ದಾರೆ. ತುಕಡೆ ಮಾಡುವುದನ್ನು ತಡೆಯಲು 1947ರ ಕಾಯಿದೆಯಿದೆ. ಅದರಲ್ಲಿ ತಿದ್ದುಪಡಿಗಳು ಆಗುತ್ತಿರುವುದರಿಂದ ದಲಾಲನನ್ನಲ್ಲ, ವಕೀಲನನ್ನು ಕೇಳಬೇಕು. ಕರ್ನಾಟಕದಲ್ಲಿ ವ್ಯವಸಾಯಗಾರರಲ್ಲದವರಿಗೆ ತಡೆಯಾಗಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದರು. ಆದರೆ ಕಡಲ ದಂಡೆಗೆ ಬೇರೆಯೇ ನಿಯಮ. ಹಳ್ಳಿಗಾಡಿನ ತೀರದಲ್ಲಿ ಭರತದ ರೇಖೆಯಿಂದ 200 ಮೀಟರಿನೊಳಗೆ ಹೊಸ ಮನೆಗೆ ಸಾಮಾನ್ಯವಾಗಿ ಅವಕಾಶವಿಲ್ಲ; ಜನ ದಟ್ಟವಾಗಿರುವ ಹಳ್ಳಿಗಳಿಗೆ 2019ರ ನಿಯಮ ಇದನ್ನು 50 ಮೀಟರಿಗೆ ಇಳಿಸಿದೆ.

ಆಸ್ಪತ್ರೆಯ ಖರ್ಚಿನ ವಿಷಯದಲ್ಲಿ ಒಂದು ಅನುಕೂಲವಾಗಿದೆ. 2024ರ ಅಕ್ಟೋಬರಿನಿಂದ ಆಯುಷ್ಮಾನ್ ಭಾರತ ಯೋಜನೆ 70 ವರ್ಷ ತುಂಬಿದ ಎಲ್ಲರಿಗೂ, ಆದಾಯ ನೋಡದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ದೊರೆಯುತ್ತದೆ. ಆದರೆ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಮಾತ್ರ. ಹೋಗುವ ಊರಿನ ಸಮೀಪ ಅಂಥದು ಎಲ್ಲಿದೆ ಎಂದು ಮೊದಲೇ ತಿಳಿದಿರಬೇಕು. 108ಕ್ಕೆ ಕರೆ ಮಾಡಿದರೆ ಎರಡೂ ರಾಜ್ಯಗಳಲ್ಲಿ ಆಂಬುಲೆನ್ಸ್ ಬರುತ್ತದೆ. ಬರುವುದಕ್ಕೆ ರಸ್ತೆ ಇರಬೇಕಷ್ಟೆ.

ಹಾಗಾದರೆ ಹೋಗಲೇಬಾರದೇ? ಹಾಗೆಂದು ನಾವು ಹೇಳುವುದಿಲ್ಲ. ಮೂರನೆಯ ಅಂತಸ್ತಿನ ಮನೆಯಲ್ಲಿ ಲಿಫ್ಟಿಲ್ಲದೆ ಕೂತು, ಕೆಳಗೆ ವಾಹನಗಳ ಹೊಗೆ ನುಂಗುವುದೂ ಒಂದು ಬಾಳಲ್ಲ. ನಗರದಲ್ಲಿ ಒಂಟಿಯಾದವರೂ ಬೇಕಾದಷ್ಟು ಜನ ಇದ್ದಾರೆ. ನಮ್ಮ ಸಲಹೆ ಇಷ್ಟೆ. ಪುಣೆಯ ಮನೆಯನ್ನು ಮಾರಬೇಡಿ. ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಆ ವರ್ಷದಲ್ಲಿ ಒಂದು ವೈಶಾಖದ ಬಿಸಿಲು, ಒಂದು ಆಷಾಢದ ಮಳೆ ತಪ್ಪದೆ ಸೇರಿರಲಿ. ಆಮೇಲೆ ಇಬ್ಬರೂ ಸರದಿಯಂತೆ ಎಂಟೆಂಟು ದಿನ ಅಲ್ಲಿ ಒಬ್ಬೊಬ್ಬರೇ ಇರಿ. ಬ್ಯಾಂಕಿಗೆ ಹೋಗುವುದು, ಗ್ಯಾಸ್ ತರಿಸುವುದು, ಡಾಕ್ಟರರನ್ನು ಕಾಣುವುದು, ರಾತ್ರಿ ದೀಪ ಹೋದಾಗ ಯಾರನ್ನು ಕೂಗುವುದು, ಎಲ್ಲವೂ ಆ ಎಂಟು ದಿನದಲ್ಲಿ ತಿಳಿಯುತ್ತದೆ. ಈ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದರೆ ಊರು ಯಾವುದಾದರೂ ಸರಿ.

ರಾಯರು ಗುಡ್ಡದ ಜಾಗಕ್ಕೆ ಬಯಾನಾ ಕೊಡಲಿಲ್ಲ. ಭೋರ್ ಪೇಟೆಯಲ್ಲೇ ಎರಡು ಖೋಲಿಯ ಮನೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. ಕಿಟಕಿಯಿಂದ ಬೆಟ್ಟ ಕಾಣುವುದಿಲ್ಲ, ನೆರೆಯವರ ಗೋಡೆ ಕಾಣುತ್ತದೆ ಎಂದು ಅವರ ತಕರಾರು. ಆ ಗೋಡೆಯ ಆಚೆಯ ಆಜಿಯವರು ವೈನಿಯವರಿಂದ ಜೋಳದ ರೊಟ್ಟಿ ಕಲಿಯುತ್ತಿದ್ದಾರಂತೆ. ಬೆಟ್ಟ ನೋಡಲು ರಾಯರು ದಿನಾಲು ಬೆಳಗ್ಗೆ ನೀರೆಯ ದಂಡೆಯವರೆಗೆ ನಡೆಯುತ್ತಾರೆ. ವೈನಿಯವರ ಒಂಟಿ ಎಂಟು ದಿನ ಮುಗಿದಿದೆ. ರಾಯರದು ಇನ್ನೂ ಬಾಕಿ. ಸದ್ಯಕ್ಕೆ ಅವರು ಅನ್ನಕ್ಕೆ ಎಷ್ಟು ನೀರಿಡಬೇಕೆಂಬುದನ್ನು ಕಲಿಯುತ್ತಿದ್ದಾರೆ.