ಎಡವೋ ಬಲವೋ: ಬೆಟ್ಟದ ದಾರಿಯಲ್ಲಿ ನಮ್ಮ ಹಿರಿಯರು

ಬೇಸಿಗೆ ಬಂತೆಂದರೆ ಕ್ಯಾಲ್ಗರಿಯ ಕನ್ನಡ ಕುಟುಂಬಗಳ ಮನಸ್ಸು ಬ್ಯಾಂಫ್ ಕಡೆಗೆ ಹೊರಳುತ್ತದೆ. ಊರಿನಿಂದ ಬಂದಿರುವ ತಂದೆತಾಯಿಗಳನ್ನು ಕರೆದೊಯ್ಯಲು ಅಲ್ಲಿಯ ಲೆಗಸಿ ಟ್ರೇಲ್‌ನಷ್ಟು ಅನುಕೂಲವಾದ ದಾರಿಗಳು ವಿರಳ. ಬ್ಯಾಂಫ್ ರಾಷ್ಟ್ರೀಯ ಉದ್ಯಾನಕ್ಕೆ 125 ವರ್ಷ ತುಂಬಿದ ನೆನಪಿಗಾಗಿ 2010ರಲ್ಲಿ ತೆರೆದ ಈ ಡಾಂಬರು ದಾರಿಯ ಉದ್ದ 20 ಕಿ.ಮೀ.ಗೂ ಹೆಚ್ಚು, ಅದು ಕ್ಯಾನ್ಮೋರ್ ಮತ್ತು ಬ್ಯಾಂಫ್ ಪಟ್ಟಣಗಳನ್ನು ಜೋಡಿಸುತ್ತದೆ. ಒಂದು ಪಕ್ಕದಲ್ಲಿ ಹೆದ್ದಾರಿ, ಕಣ್ಣೆದುರು ರಂಡಲ್ ಪರ್ವತ, ನಡುವೆ ದಣಿವಾರಿಸಿಕೊಳ್ಳಲು ವ್ಯಾಲಿವ್ಯೂ ತಂಗುದಾಣ. ಕಡಿದಾದ ಕಾಲುದಾರಿಗಳನ್ನು ಹತ್ತಲಾರದ ಹಿರಿಯರೂ ಇಲ್ಲಿ ಒಂದಷ್ಟು ದೂರ ನೆಮ್ಮದಿಯಿಂದ ಹೋಗಿಬರಬಹುದು.

ಆದರೆ ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಇರುವುದು ಒಂದೇ ದಾರಿ. ಇಲ್ಲಿ ಎಲ್ಲರೂ ಬಲಬದಿಯಲ್ಲಿ ಸಾಗಬೇಕು. ಹಿಂದಿನಿಂದ ಬರುವ ಸೈಕಲ್ಲು ಎಡದಿಂದ ದಾಟುತ್ತದೆ. ದಾಟುವ ಮುನ್ನ ಗಂಟೆ ಬಾರಿಸುವುದು ಅಥವಾ ‘ಆನ್ ಯುವರ್ ಲೆಫ್ಟ್’ ಎಂದು ಕೂಗುವುದು ವಾಡಿಕೆ. ವಾಹನ ಬಂದರೆ ರಸ್ತೆಯ ಎಡಕ್ಕೆ ಸರಿಯುವುದನ್ನು ಬಾಲ್ಯದಿಂದಲೂ ರೂಢಿಸಿಕೊಂಡ ನಮ್ಮ ಹಿರಿಯರು, ‘ಲೆಫ್ಟ್’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಎಡಕ್ಕೇ ಹೆಜ್ಜೆಯಿಟ್ಟಾರು. ಆ ಒಂದು ಹೆಜ್ಜೆ ಅವರನ್ನು ನೇರವಾಗಿ ಸೈಕಲ್ಲಿನ ಮುಂದೆ ತಂದು ನಿಲ್ಲಿಸುತ್ತದೆ. ಎಚ್ಚರಿಕೆಯ ಮಾತೇ ಅಪಾಯಕ್ಕೆ ಕರೆಯಾಗುತ್ತದೆ.

ಇದಕ್ಕೆ ಅಂಜಿ, “ಅಪ್ಪಾ, ನೀವು ಕಾರಿನ ಹತ್ತಿರವೇ ಇರಿ” ಎನ್ನುವುದನ್ನು ನಾವು ಒಪ್ಪಲಾರೆವು. ಮಕ್ಕಳೆಲ್ಲ ಕೆಲಸಕ್ಕೆ ಹೋದಮೇಲೆ ನಾಲ್ಕು ಗೋಡೆಗಳ ನಡುವೆ ಹಗಲು ಕಳೆಯುವವರಿಗೆ, ಬೆಟ್ಟದ ಗಾಳಿಯಲ್ಲಿ ತಮ್ಮಷ್ಟಕ್ಕೆ ತಾವು ನಡೆಯುವ ಒಂದು ಗಂಟೆಯೂ ಅಮೂಲ್ಯ. ಹೊರಡುವ ಮುನ್ನ ಅವರಿಗೆ ಇಷ್ಟನ್ನು ತಿಳಿಸಿದರೆ ಸಾಕು: ಗಂಟೆ ಕೇಳಲಿ, ಕೂಗು ಕೇಳಲಿ, ಗಾಬರಿಯಾಗದೆ ಬಲಬದಿಯಲ್ಲೇ ಇರಬೇಕು. ಮನೆಯವರೊಬ್ಬರು ಅವರ ಹಿಂದೆಯೇ ನಡೆಯಲಿ. ದಾರಿಯ ಅಗಲಕ್ಕೂ ಹರಡಿಕೊಂಡು ಹರಟುತ್ತಾ ಸಾಗುವ ಸುಖವನ್ನು ತಂಗುದಾಣಕ್ಕೆ ಮೀಸಲಿಡೋಣ.

ಆದರೂ ಹೆಚ್ಚಿನ ಹೊಣೆ ವೇಗವಾಗಿ ಬರುವವರದೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಸೈಕಲ್ ಏರುವ ನಮ್ಮ ಮಕ್ಕಳಿಗೂ ಇದನ್ನು ಹೇಳಿಕೊಡಬೇಕು. ಕೂಗಿದ ಮಾತ್ರಕ್ಕೆ ಕರ್ತವ್ಯ ಮುಗಿಯದು. ಮುಂದಿರುವವರಿಗೆ ಅದು ಅರ್ಥವಾಯಿತೇ ಎಂದು ಕಾಣುವವರೆಗೆ ವೇಗ ತಗ್ಗಿಸಬೇಕು. ಮುಂದೆ ನಡೆಯುತ್ತಿರುವವರು ಯಾವ ದೇಶದ, ಯಾವ ಭಾಷೆಯ ಅಜ್ಜಿಯೋ ಯಾರು ಬಲ್ಲರು?

ಈ ಬೇಸಿಗೆಯ ವಿಹಾರಕ್ಕೆ ಮುನ್ನ ನಮ್ಮ ಸಂಘವು ಈ ನಾಲ್ಕು ಮಾತುಗಳನ್ನು ಸರಳ ಕನ್ನಡದಲ್ಲಿ ಬರೆದು ಮನೆಮನೆಗೂ ತಲುಪಿಸಲಿ. ಭಾಷೆಯ ಸೇವೆಯೆಂದರೆ ಇದೂ ಹೌದು.