“ನಾಳೆ ಬಾ” ಅನ್ನೋರಿಗೆ ಒಂದು ರಿಜಿಸ್ಟರ್ (ಭಾಗ 4)

“ಸಿಸ್ಟಮ್ಮೇ ಸರಿ ಇಲ್ಲ ಕಣೋ.” ಕ್ಯಾಂಟೀನಲ್ಲಿ ಈ ಮಾತು ನೀವೂ ಹೇಳಿರ್ತೀರಿ, ನಾನೂ ಹೇಳಿದ್ದೀನಿ. ಹೇಳಿ, ಟೀ ಕುಡಿದು, ಎದ್ದು ಹೋಗ್ತೀವಿ.

ಹೋದ ವರ್ಷ ನಮ್ಮ ಕ್ಲಾಸಿನ ಒಬ್ಬಳಿಗೆ ಸ್ಕಾಲರ್‌ಶಿಪ್ ತಪ್ಪಿತು. ಕಾಲೇಜು ಆಫೀಸಲ್ಲಿ ವ್ಯಾಸಂಗ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಿದ್ದಳು. “ನಾಳೆ ಬಾ” ಅಂದ್ರು. ಮೂರು ವಾರ ಬರೀ ನಾಳೆಯೇ ಆಯ್ತು. ಕೊನೇ ದಿನಾಂಕ ಮುಗಿದ ಮೇಲೆ, “ನೀನು ಅರ್ಜಿ ಕೊಟ್ಟಿದ್ದೆ ಅನ್ನೋದಕ್ಕೆ ಏನಿದೆ?” ಅಂದ್ರು. ಅವಳ ಕೈಯಲ್ಲಿ ಏನೂ ಇರಲಿಲ್ಲ.

ನಾವೆಲ್ಲ ಕ್ಲರ್ಕಿಗೆ ಬೈದ್ವಿ. ಆದ್ರೆ ಯೋಚನೆ ಮಾಡಿ: ನಾಳೆ ಬೇರೆ ಕ್ಲರ್ಕ್ ಬಂದ್ರೂ ಮೇಜಿನ ಮೇಲೆ ಅದೇ ಅರ್ಜಿಗಳ ರಾಶಿ, ಬಾಯಲ್ಲಿ ಅದೇ “ನಾಳೆ ಬಾ”.

ನಮ್ಮ ರಾಜ್ಯದ ‘ಸಕಾಲ’ ಗೊತ್ತಲ್ವಾ? 2011ರ ಕಾಯ್ದೆ, 2012ರಲ್ಲಿ ಜಾರಿಗೆ ಬಂತು. ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆಗೆ ಅರ್ಜಿ ಹಾಕಿದ್ರೆ ನಂಬರ್ ಇರೋ ಸ್ವೀಕೃತಿ ಕೊಡಬೇಕು. ಎಷ್ಟು ದಿನದಲ್ಲಿ ಕೆಲಸ ಆಗಬೇಕು ಅನ್ನೋದು ಮೊದಲೇ ನಿಗದಿ. ತಡವಾದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದ್ರೆ 500 ರೂಪಾಯಿ ಪರಿಹಾರ ಕೇಳಬಹುದು.

20 ರೂಪಾಯಿ ಏನು ಮಹಾ ಅಂತೀರಾ? ದುಡ್ಡು ಬಿಡಿ, ಆ ನಂಬರ್ ನೋಡಿ. ಅದು ಬಂದ ಕೂಡಲೇ “ನಾಳೆ”ಗೆ ಒಂದು ತಾರೀಖು ಬರುತ್ತೆ. ಅರ್ಜಿ ಕೊಟ್ಟಿದ್ದೀನಿ ಅಂತ ನೀವು ಗೋಗರೆಯೋದು ತಪ್ಪುತ್ತೆ. ಯಾಕೆ ತಡವಾಯ್ತು ಅಂತ ಅವರು ಹೇಳಬೇಕಾಗುತ್ತೆ.

ಸಕಾಲ ಬಂದು ಎಲ್ಲಾ ಸರಿಹೋಯ್ತು ಅಂತ ನಾನು ಹೇಳ್ತಿಲ್ಲ. ನಂಬರ್ ಕೇಳಿ ಪಡೀದೆ ಇದ್ರೆ, ತಡವಾದಾಗ ಮೇಲ್ಮನವಿ ಹಾಕದೆ ಇದ್ರೆ, ಯಾವ ಕಾಯ್ದೆಯೂ ಕಾಗದದಲ್ಲೇ ಉಳಿಯುತ್ತೆ.

ಈ ವರ್ಷ ನಾವು ನಾಲ್ಕು ಜನ ಅದೇ ಉಪಾಯನ ಕಾಲೇಜಿಗೆ ತಂದ್ವಿ. ಧರಣಿ, ಘೋಷಣೆ ಏನೂ ಇಲ್ಲ. ಪ್ರಿನ್ಸಿಪಾಲರ ಹತ್ರ ಕೇಳಿದ್ದು ಒಂದು ರಿಜಿಸ್ಟರ್: ಕ್ರಮಸಂಖ್ಯೆ, ಹೆಸರು, ಅರ್ಜಿ ಕೊಟ್ಟ ದಿನ, ಪತ್ರ ಸಿಗೋ ದಿನ. ಕ್ಲರ್ಕ್ ಮೊದಲು ಮುಖ ಗಂಟು ಹಾಕ್ಕೊಂಡ್ರು. ಎರಡು ವಾರ ಆದ್ಮೇಲೆ ಅವರೇ, “ಯಾವುದು ಮೊದಲು ಮಾಡ್ಬೇಕು ಅಂತ ನನಗೂ ಗೊತ್ತಾಗುತ್ತೆ ಬಿಡಪ್ಪ” ಅಂದ್ರು.

ಅವಳ ಸ್ಕಾಲರ್‌ಶಿಪ್ ಮಾತ್ರ ವಾಪಸ್ ಬರಲಿಲ್ಲ. ಅದಕ್ಕೇ ಹೇಳ್ತಿದ್ದೀನಿ, ಇನ್ನೊಬ್ಬರದ್ದು ತಪ್ಪೋವರೆಗೂ ಕಾಯಬೇಡಿ.

ನಿಮ್ಮ ಹಾಸ್ಟೆಲ್, ಲೈಬ್ರರಿ, ಆಫೀಸಲ್ಲಿ “ನಾಳೆ ಬಾ” ಅನ್ನೋ ಕಿಟಕಿ ಯಾವುದು? ಕಾಮೆಂಟಲ್ಲಿ ಬರೀರಿ. ಅಲ್ಲಿಗೆ ಒಂದು ರಿಜಿಸ್ಟರ್ ಕೇಳೋಣ.